ಬಂಗಡೆ ತಗೊಳ್ಳಬಹುದು, ಬೋಟಿನ ವಿಷಯ ಮುಚ್ಚಿಡಬಾರದು

ಪ್ರಶ್ನೆ: ಮೇಡಂ, ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯೂ ಮುಗಿಸಿ ಎರಡು ವರ್ಷದಿಂದ ಅಂಕೋಲೆಯ ಒಂದು ಕೌಟುಂಬಿಕ ಸಲಹಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದೇನೆ. ನನ್ನ ಊರೂ ಇಲ್ಲೇ. ಎಂಟು ತಿಂಗಳ ಹಿಂದೆ ಒಬ್ಬರು ಗಂಡನ ಕುಡಿತ, ಹೊಡೆತ ತಾಳಲಾರದೆ ಕೇಂದ್ರಕ್ಕೆ ಬಂದರು. ಹೆಚ್ಚುಕಮ್ಮಿ ನನ್ನದೇ ವಯಸ್ಸು. ಈಗ ನಾವಿಬ್ಬರೂ ಗೆಳತಿಯರ ಹಾಗೇ ಆಗಿಬಿಟ್ಟಿದ್ದೇವೆ. ಬಂಗಡೆ ಸಿಕ್ಕಿದ ದಿನ ನಮ್ಮನೆಗೂ ನಾಲ್ಕು ತಂದುಕೊಡುತ್ತಾರೆ. ಬಂಡಿಹಬ್ಬಕ್ಕೆ ಅವರ ಮನೆಗೆ ಊಟಕ್ಕೆ ಹೋಗಿದ್ದೆ, ಗಂಡನೇ ಬಡಿಸಿದರು (ಅವರು ನಮ್ಮ ಸೋದರಮಾವನ ಬೋಟಿನಲ್ಲಿ ಖಲಾಸಿ). ರಾತ್ರಿ ವಾಟ್ಸಾಪ್‌ನಲ್ಲೂ ಮಾತಾಡುತ್ತೇವೆ. ಹೋದ ವಾರ ಹತ್ತು ಸಾವಿರ ಸಾಲ ಕೇಳಿದರು. ಮೊನ್ನೆ ಬೆಂಗಳೂರಿಂದ ಬಂದ ತರಬೇತುದಾರರು "ಕ್ಲೈಂಟ್ ಜೊತೆ ಸ್ನೇಹ ಅಂದ್ರೆ ವೃತ್ತಿಗೇ ದ್ರೋಹ, ಇವತ್ತೇ ನಿಲ್ಲಿಸಿ" ಅಂದರು. ನನಗೆ ಊರಲ್ಲಿ ಬೇರೆ ಗೆಳತಿಯರೂ ಇಲ್ಲ. ಸ್ನೇಹ ಬಿಡಬೇಕಾ, ಕೆಲಸ ಬಿಡಬೇಕಾ?

ಉತ್ತರ: ಮೊದಲು ಒಂದು ಸಣ್ಣ ವಿಷಯ. ನಿಮ್ಮ ಪತ್ರದಲ್ಲಿ ಆ ಹೆಂಗಸಿನ ಹೆಸರಿತ್ತು, ಕೇರಿಯ ಹೆಸರಿತ್ತು, ಬೋಟಿನ ಹೆಸರೂ ಇತ್ತು. ಎಲ್ಲ ತೆಗೆದಿದ್ದೇನೆ. ಒಂದೆರಡು ವಿವರ ಬದಲಿಸಿಯೂ ಇದ್ದೇನೆ. ಇನ್ನು ಮುಂದೆ ಯಾರಿಗೆ ಬರೆದರೂ ಹೆಸರಿಲ್ಲದೆ ಬರೆಯಿರಿ. ನನಗೆ ಬರೆಯುವಾಗಲೂ ಅಷ್ಟೇ.

ಸದ್ಯಕ್ಕೆ ಕೆಲಸ ಬಿಡುವುದು ಬೇಡ. ಸ್ನೇಹದ ಮಾತಿಗೆ ಆಮೇಲೆ ಬರುತ್ತೇನೆ. ಪತ್ರ ಓದುವಾಗ ನಾನು ನಿಂತಿದ್ದು ಬೇರೆ ಜಾಗದಲ್ಲಿ. ಕಂಸದೊಳಗೆ ಹಾಕಿ ನೀವು ಸುಮ್ನೆ ಮುಂದೆ ಹೋಗಿಬಿಟ್ಟಿರುವ ಆ ಸಾಲು: ಗಂಡ ನಿಮ್ಮ ಮಾವನ ಬೋಟಿನಲ್ಲಿ ಖಲಾಸಿ. ಬಂಗಡೆ, ಊಟ, ವಾಟ್ಸಾಪ್ ಎಲ್ಲ ಅದರ ಮುಂದೆ ಸಣ್ಣವು. ತರಬೇತುದಾರರಿಗೆ ನೀವು ಸ್ನೇಹದ ವಿಷಯ ಹೇಳಿದಿರಿ, ಬೋಟಿನ ವಿಷಯ ಹೇಳಿದ ಹಾಗೆ ಕಾಣುವುದಿಲ್ಲ. ನಿಮ್ಮ ಕರಾವಳಿಯಲ್ಲಿ ಯಾರೋ ಒಬ್ಬರು ಇನ್ಯಾರದೋ ಬೋಟಿಗೆ ಹೋಗುವುದು ವಿಷಯವೇ ಅಲ್ಲ ಅನಿಸುತ್ತದೆ. ಅದಕ್ಕೇ ಅದು ಕಂಸದೊಳಗೆ ಹೋಗಿದೆ.

ಆ ಹೆಂಗಸಿನ ಕುರ್ಚಿಯಲ್ಲಿ ಕೂತು ನೋಡಿ. "ನಿನ್ನೆ ರಾತ್ರಿ ಬೆಲ್ಟಿನಲ್ಲಿ ಹೊಡೆದ" ಅಂತ ನಿಮ್ಮೆದುರು ಹೇಳಬೇಕು. ಬಾಯಿ ತೆರೆಯುವ ಮೊದಲು ತಲೆಯಲ್ಲಿ ಏನೆಲ್ಲ ಓಡುತ್ತದೆ? ಬೋಟು ಇವಳ ಮಾವನದು. ಇದು ಅವರ ಕಿವಿಗೆ ಬಿದ್ದು, ಆಗಸ್ಟಿನ ಸೀಸನ್ನಿಗೆ ಇವನನ್ನು ಬೋಟಿಗೆ ಕರೆಯದಿದ್ದರೆ? ತಗೊಂಡ ಮುಂಗಡ ವಾಪಸ್ ಕೇಳಿದರೆ? ಅಥವಾ ಬಂದರಿನಲ್ಲಿ ನಾಲ್ಕು ಜನರ ಎದುರು ಮಾವ ಬೈದು, ಆ ಸಿಟ್ಟು ಹೊತ್ತುಕೊಂಡು ಇವನು ಮನೆಗೆ ಬಂದರೆ? ಎಂಟು ತಿಂಗಳಲ್ಲಿ ಅವರು ಅರ್ಧ ಹೇಳಿ ಅರ್ಧ ನುಂಗಿರಬಹುದು. ನೀವು ಫೈಲಿನಲ್ಲಿ "ಪರಿಸ್ಥಿತಿ ಸುಧಾರಿಸಿದೆ" ಅಂತ ಬರೆದಿರಲೂಬಹುದು.

ಈಗ ನಿಮ್ಮ ಕುರ್ಚಿ. ನಾಳೆ ಅವರು ದೂರು ಕೊಡುತ್ತೇನೆ ಅಂದರು ಅಂತಿಟ್ಟುಕೊಳ್ಳಿ. ಸೀಸನ್ ಶುರುವಾಗುವ ಹೊತ್ತಿಗೆ ಮಾವನ ಬೋಟಿಗೆ ಒಬ್ಬ ಆಳು ಕಡಿಮೆ. ಆಗ ಮಾವ ನೇರವಾಗಿ ಏನೂ ಹೇಳುವುದಿಲ್ಲ. ಅಮ್ಮ ಹೇಳುತ್ತಾರೆ. "ಗಂಡ ಹೆಂಡತಿ ಜಗಳ, ಸ್ವಲ್ಪ ಕೂರಿಸಿ ಮಾತಾಡಿಸಿದ್ರೆ ಆಗ್ತಿತ್ತಲ್ವಾ?" ನೀವು ಮಾವನ ಪರ ವಹಿಸುತ್ತೀರಿ ಅಂತ ನಾನು ಹೇಳುತ್ತಿಲ್ಲ. ಆದರೆ ಆಮೇಲೆ ನೀವು ರಾಜಿ ಮಾಡಿಸಿದರೂ ಅನುಮಾನ, ದೂರು ಕೊಡಿಸಿದರೂ ಅನುಮಾನ. ನಿಮಗೇ ನಿಮ್ಮ ಮೇಲೆ ಅನುಮಾನ.

ನಮ್ಮ ವೃತ್ತಿಯಲ್ಲಿ ಇದಕ್ಕೆ ಡ್ಯುಯಲ್ ರಿಲೇಶನ್‌ಶಿಪ್ ಅಂತ ಹೆಸರು. ಒಬ್ಬರ ಜೊತೆಗೇ ಎರಡೆರಡು ನಂಟು. ಈ ಕುರಿತು ಹೆಚ್ಚಾಗಿ ಉದಾಹರಿಸುವುದು ಅಮೆರಿಕದ ಸಮಾಜಕಾರ್ಯಕರ್ತರ ರಾಷ್ಟ್ರೀಯ ಸಂಘದ ನೀತಿಸಂಹಿತೆಯನ್ನು. 1960ರಲ್ಲಿ ಬಂದದ್ದು, 1996ರಲ್ಲಿ ದೊಡ್ಡದಾಗಿ ತಿದ್ದಿ ಬರೆದದ್ದು. ಅದರ 1.06ನೇ ಭಾಗ, ಕ್ಲೈಂಟಿನ ದುರ್ಬಳಕೆಗೆ ಅಥವಾ ಹಾನಿಗೆ ದಾರಿಯಾಗುವಂಥ ಎರಡು ನಂಟು ಬೇಡ ಎನ್ನುತ್ತದೆ. ಹಿಂದೆ ಕ್ಲೈಂಟ್ ಆಗಿದ್ದವರಿಗೂ ಇದು ಅನ್ವಯ. ತರಬೇತಿಗಳಲ್ಲಿ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಅದರ ಮುಂದಿನ ವಾಕ್ಯವೇ ನಮಗೆ ಬೇಕಾದದ್ದು: ಇಂಥ ನಂಟು ತಪ್ಪಿಸಲು ಆಗದೇ ಇದ್ದಾಗ ಕ್ಲೈಂಟನ್ನು ಕಾಪಾಡುವ ಕ್ರಮ ತಗೊಳ್ಳಬೇಕು, ಅಲ್ಲಿನ ರೀತಿರಿವಾಜಿಗೆ ಹೊಂದುವ ಸ್ಪಷ್ಟ ಗೆರೆ ಎಳೆಯಬೇಕು, ಆ ಹೊಣೆ ಸಮಾಜಕಾರ್ಯಕರ್ತರದ್ದು. ಕ್ಲೈಂಟಿನದ್ದಲ್ಲ. ಅಂದರೆ ಸಣ್ಣ ಊರುಗಳಲ್ಲಿ ಇದು ಆಗಿಯೇ ಆಗುತ್ತದೆ ಅಂತ ಬರೆದವರಿಗೂ ಗೊತ್ತಿತ್ತು.

ನಮ್ಮ ದೇಶದಲ್ಲೂ 1997ರಲ್ಲಿ ವೃತ್ತಿಪರ ಸಮಾಜಕಾರ್ಯಕರ್ತರ ನೀತಿ ಘೋಷಣೆಯೊಂದು ಪ್ರಕಟವಾಯಿತು. ಆದರೆ ವಕೀಲರಿಗೆ, ಡಾಕ್ಟರಿಗೆ ಇರುವಂಥ ಕೌನ್ಸಿಲ್ ನಮ್ಮಲ್ಲಿ ಎಲ್ಲರಿಗೂ ಇಲ್ಲ. 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯ್ದೆ ಆಸ್ಪತ್ರೆಯ ಸಮಾಜಕಾರ್ಯಕರ್ತರನ್ನು, ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ಒಳಗೆ ತಗೊಂಡಿತು. ಸಲಹಾ ಕೇಂದ್ರದಲ್ಲಿ ಕೂತವರನ್ನು ಕೇಳುವವರು ಅವರ ಸಂಸ್ಥೆ ಮಾತ್ರ.

ನಿಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ. ಕಾಯ್ದೆ 2005ರದ್ದು, ನಿಯಮಗಳು 2006ರವು. ಆ ನಿಯಮಗಳಲ್ಲಿ 13ನೆಯದನ್ನು ಒಮ್ಮೆ ಓದಿ. ವ್ಯಾಜ್ಯದ ವಿಷಯದಲ್ಲಿ ಹಿತಾಸಕ್ತಿ ಇರುವವರು, ಎರಡು ಕಡೆಯವರಲ್ಲಿ ಯಾರಿಗಾದರೂ ಸಂಬಂಧಿಕರಾದವರು ಸಮಾಲೋಚಕರಾಗುವಂತಿಲ್ಲ. ಆಗಬೇಕೆಂದರೆ ಆಕ್ಷೇಪವಿಲ್ಲ ಅಂತ ಎಲ್ಲರೂ ಬರೆದುಕೊಡಬೇಕು. ಅದು ಕೋರ್ಟಿನ ಪ್ರಕರಣದಲ್ಲಿ ನೇಮಕವಾಗುವ ಸಮಾಲೋಚಕರ ಮಾತು, ನಿಮಗೆ ನೇರವಾಗಿ ಅಂಟುವುದಿಲ್ಲ. ನೀವು ಆ ಗಂಡನ ಸಂಬಂಧಿಕರೂ ಅಲ್ಲ. ಆದರೆ ಅವನಿಗೆ ಅನ್ನ ಕೊಡುವವರ ಸೋದರಸೊಸೆ. ಕಾನೂನು ಯಾವುದಕ್ಕೆ ಹೆದರಿ ಆ ನಿಯಮ ಮಾಡಿತೋ, ಅದು ನಿಮ್ಮ ಮೇಜಿನ ಮೇಲೇ ಕೂತಿದೆ.

ಹಾಗಾದರೆ ಏನು ಮಾಡಬೇಕು? ಮುಂದಿನ ಸಲ ಅವರು ಕೇಂದ್ರಕ್ಕೆ ಬಂದಾಗ ಹೇಳಿಬಿಡಿ. ಅವರ ಮನೆಯಲ್ಲಿ ಬೇಡ, ಬಸ್ ಸ್ಟ್ಯಾಂಡಿನಲ್ಲಿ ಬೇಡ, ಕೇಂದ್ರದಲ್ಲೇ, ಬಾಗಿಲು ಹಾಕಿಕೊಂಡು. ಮಾತು ಇಷ್ಟೇ ಸಾಕು: "ನಿಮ್ಮ ಗಂಡ ನಮ್ಮ ಮಾವನ ಬೋಟಿಗೆ ಹೋಗ್ತಾರೆ, ನಿಮಗೂ ಗೊತ್ತು. ನೀವು ಇಲ್ಲಿ ಹೇಳಿದ್ದು ನಮ್ಮ ಮನೆಗೆ ಹೋಗಲ್ಲ. ಆದ್ರೂ ನನ್ನ ಹತ್ರ ಎಲ್ಲ ಹೇಳೋಕೆ ಕಷ್ಟ ಆಗಿರಬಹುದು. ಬೇರೆಯವರ ಹತ್ರ ಮಾತಾಡೋದು ಒಳ್ಳೇದು ಅನಿಸಿದ್ರೆ ನಾನೇ ವ್ಯವಸ್ಥೆ ಮಾಡ್ತೇನೆ, ನನಗೆ ಬೇಜಾರಿಲ್ಲ." ಹೇಳಿ ಸುಮ್ಮನಿರಿ. ತಕ್ಷಣ "ಅಯ್ಯೋ ಹಾಗೇನಿಲ್ಲ" ಅಂದರೆ ಅದನ್ನೇ ಉತ್ತರ ಅಂದುಕೊಳ್ಳಬೇಡಿ. ಒಂದು ವಾರ ಬಿಟ್ಟು ಮತ್ತೆ ಕೇಳಿ. ನಮ್ಮ ಕಡೆ ಎದುರಿಗೆ ಕೂತವರಿಗೆ "ನೀವು ಬೇಡ" ಅನ್ನುವುದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತು.

ಇದಕ್ಕೂ ಮೊದಲು ನಿಮ್ಮ ಮೇಲಿನವರಿಗೆ ಹೇಳಿ, ದಿನಾಂಕ ಹಾಕಿ ಫೈಲಿನಲ್ಲಿ ಬರೆಯಿರಿ. ಕೇಂದ್ರದಲ್ಲಿ ಇನ್ನೊಬ್ಬ ಸಮಾಲೋಚಕಿ ಇದ್ದರೆ ಕೇಸು ಅವರಿಗೆ ಹೋಗುವುದೇ ಒಳ್ಳೆಯದು. ಇಲ್ಲದಿದ್ದರೆ ಕನಿಷ್ಠ ದೂರಿನ ಭಾಗವನ್ನಾದರೂ ಬೇರೆ ಕೈಗೆ ಕೊಡಿ. ನಮ್ಮ ರಾಜ್ಯದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯ್ದೆಯಡಿ ಸಂರಕ್ಷಣಾಧಿಕಾರಿ. ಕೌಟುಂಬಿಕ ಘಟನಾ ವರದಿ ಬರೆಯುವುದು, ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಲು ನೆರವಾಗುವುದು ಅವರ ಕೆಲಸ. ದೌರ್ಜನ್ಯಕ್ಕೆ ಸಿಕ್ಕಿದ ಹೆಂಗಸರಿಗೆ ಒಂದೇ ಕಡೆ ನೆರವು ಕೊಡುವ ಸಖಿ ಕೇಂದ್ರವೂ ಇದೆ. ಇನ್ನೊಬ್ಬರಿಗೆ ಒಪ್ಪಿಸುವುದು ಅಂದರೆ ಕೈ ತೊಳೆದುಕೊಳ್ಳುವುದಲ್ಲ. ಮೊದಲ ದಿನ ಜೊತೆಗೆ ಹೋಗಿ ಪರಿಚಯ ಮಾಡಿಸಿ ಬನ್ನಿ.

ಇದೆಲ್ಲ ಮೇ ತಿಂಗಳೊಳಗೆ ಆಗಬೇಕು. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಗಂಡ ದಿನವಿಡೀ ಮನೆಯಲ್ಲಿ. ಕೈಯಲ್ಲಿ ಪಾಲಿನ ದುಡ್ಡಿಲ್ಲ, ಹೊರಗೆ ಮಳೆ. ಮುಂದಿನ ಸೀಸನ್ನಿನ ಮುಂಗಡ ನಿಮ್ಮ ಮಾವನ ಕೈಯಲ್ಲಿ. ಆ ಹೆಂಗಸಿಗೆ ನಿಮ್ಮ ಹತ್ತಿರ ನಿಜ ಹೇಳುವುದು ಅತಿ ಅಗತ್ಯವಾಗುವುದೂ, ಅತಿ ಕಷ್ಟವಾಗುವುದೂ ಆ ಎರಡು ತಿಂಗಳಲ್ಲೇ.

ಹತ್ತು ಸಾವಿರದ ಪ್ರಶ್ನೆ ಹುಟ್ಟಿದ್ದೂ ಅಲ್ಲೇ ಅಂತ ನನಗನಿಸುತ್ತದೆ. ಸಾಲ ಕೊಡಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಕೊಟ್ಟ ದಿನದಿಂದ ಅವರು ಕೇಂದ್ರದ ಮೆಟ್ಟಿಲು ಹತ್ತುವುದು ಸಾಲಗಾರರಾಗಿ. ಕಂತು ಕಟ್ಟಲಾಗದ ತಿಂಗಳು ಅವರು ಕೇಂದ್ರಕ್ಕೆ ಬರುವುದೂ ಇಲ್ಲ. ಆದರೆ ಬರೀ "ಇಲ್ಲ" ಅಂತ ಕಳಿಸಬೇಡಿ, ದುಡ್ಡಿನ ದಾರಿ ಹುಡುಕಿಕೊಡುವುದು ನಿಮ್ಮ ಕೆಲಸವೇ. ಸ್ವಸಹಾಯ ಸಂಘದಲ್ಲಿ ಇದ್ದಾರಾ? ಮೀನುಗಾರರ ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ ಹೆಸರಿದೆಯಾ? ಮೀನುಗಾರ ತನ್ನ ಪಾಲು ಕಟ್ಟಿದ್ದರೆ ಸರ್ಕಾರದ ಪಾಲೂ ಸೇರಿ ರಜೆಯ ಹೊತ್ತಿಗೆ ದುಡ್ಡು ಬರುತ್ತದೆ. ಈ ವರ್ಷ ಹೆಸರಿಲ್ಲದಿದ್ದರೆ ಮುಂದಿನ ವರ್ಷಕ್ಕಾದರೂ ಮೀನುಗಾರಿಕೆ ಇಲಾಖೆಯಲ್ಲಿ ಸೇರಿಸಿ. ಜೊತೆಗೆ, ಆ ಹತ್ತು ಸಾವಿರ ಯಾತಕ್ಕೆ ಅಂತ ಮೆಲ್ಲಗೆ ಕೇಳಿ. ಮನೆ ಬಿಟ್ಟು ಹೊರಡಲು ಬೇಕಾದ ದುಡ್ಡೂ ಆಗಿರಬಹುದು.

ಇನ್ನು ಬಂಗಡೆ. ತಗೊಳ್ಳಿ. ಮನೆ ಬಾಗಿಲಿಗೆ ತಂದ ಮೀನು ವಾಪಸ್ ಕಳಿಸಿದರೆ ಈ ಕಡಲತೀರದಲ್ಲಿ ಅದು ಬೈದದ್ದಕ್ಕಿಂತ ಜಾಸ್ತಿ. ನಾನು ಘಟ್ಟದ ಮೇಲಿನವಳು. ನಮ್ಮಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಬರುತ್ತದೆ. ನಾನು ತಗೊಂಡು ಆಫೀಸಿನಲ್ಲಿ ಎಲ್ಲರ ಊಟಕ್ಕೂ ಇಡುತ್ತಿದ್ದೆ, ನನ್ನ ಚೀಲಕ್ಕೆ ಹಾಕುತ್ತಿರಲಿಲ್ಲ. ನಾಲ್ಕು ಬಂಗಡೆ ಬೇರೆ, ಒಂದು ದುಬಾರಿ ಇಸವಣ ಮೀನು ಬೇರೆ, ಅಷ್ಟು ಲೆಕ್ಕ ನಿಮಗೆ ತಿಳಿಯುತ್ತದೆ. ದುಡ್ಡು ಕೊಟ್ಟು ತಂದಿದ್ದಾ, ಗಂಡನ ಪಾಲಿಗೆ ಬಂದಿದ್ದಾ ಅಂತಲೂ ಗಮನಿಸಿ. ಮಾವನ ಬೋಟಿನ ಮೀನು ಮಾವನ ಸೊಸೆಗೇ ಬರುತ್ತಿದೆ ಅಂದರೆ, ಅದನ್ನು ಕಳಿಸುತ್ತಿರುವುದು ಹೆಂಡತಿಯೋ ಗಂಡನೋ?

ಬಂಡಿಹಬ್ಬದ ಊಟದ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. ಹಬ್ಬಕ್ಕೆ ಕರೆದರೆ ಹೋಗಬಾರದು ಅಂತಲ್ಲ. ಅನ್ನದ ತಟ್ಟೆ ಹಿಡಿದು ನೀವು ಕೂತಿರಿ, ಹೊಡೆಯುವ ಕೈಯೇ ಬಡಿಸಿತು, "ಸಾಕು ಸಾಕು" ಅಂತ ನೀವು ನಕ್ಕಿರಿ. ಅವನಿಗೆ ಅದರ ಅರ್ಥ, ಇವರು ನಮ್ಮ ಕಡೆಯವರೇ. ಒಳಗೆ ಒಲೆಯ ಹತ್ತಿರ ನಿಂತವರಿಗೆ ಏನನಿಸಿತೋ. ಕೇಳಿ ನೋಡಿ. ಕೇಳುವ ಅವಕಾಶ ನಿಮಗೆ ಇನ್ನೂ ಇದೆ.

ಬಂಗಡೆಗೆ ಇಷ್ಟೇಕೆ ಲೆಕ್ಕ ಹಾಕುತ್ತೇನೆ ಅಂತ ಅನಿಸಬಹುದು. ನಾನೇ ಒಮ್ಮೆ ಪೆಟ್ಟು ತಿಂದವಳು. ತಿಂದವಳು ಅನ್ನುವುದೂ ತಪ್ಪು, ಪೆಟ್ಟು ಬಿದ್ದದ್ದು ಇನ್ನೊಬ್ಬರಿಗೆ.

ಶಿರಸಿಯಲ್ಲಿ ಕೆಲಸಕ್ಕೆ ಸೇರಿ ಮೂರನೇ ವರ್ಷ. ಹೊಲಿಗೆ ಮಾಡುವ ಒಬ್ಬರು ಪ್ರತಿ ಗುರುವಾರ ಬರುತ್ತಿದ್ದರು. ಗಂಡ ಬಿಟ್ಟು ಹೋಗಿದ್ದ. ಮೈದುನರು ಮನೆ ಖಾಲಿ ಮಾಡು ಅಂತ ಕಾಡುತ್ತಿದ್ದರು. ಅದು ಮಾರಿಕಾಂಬೆ ಜಾತ್ರೆಯ ವರ್ಷ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಊರಿನ ದರ್ಜಿಗಳಿಗೆಲ್ಲ ಕೈತುಂಬ ಕೆಲಸ. ಅವರಿಗೂ ನಾಲ್ಕು ಕಾಸು ಆಗಲಿ ಅಂತ ನಾನು ಎರಡು ರವಿಕೆ ಬಟ್ಟೆ ಕೊಟ್ಟೆ. ದುಡ್ಡು ಮೊದಲೇ ಕೊಟ್ಟೆ, ಸ್ವಲ್ಪ ಜಾಸ್ತಿಯೇ. ಒಳ್ಳೆಯ ಕೆಲಸ ಮಾಡಿದೆ ಅಂತ ಒಳಗೊಳಗೇ ಖುಷಿ.

ಮುಂದಿನ ಗುರುವಾರ ಅವರು ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ, ಮೂರನೆಯದೂ ಇಲ್ಲ. ನಾನು ಫೈಲಿನಲ್ಲಿ "ಸಹಕರಿಸುತ್ತಿಲ್ಲ" ಅಂತ ಬರೆದೆ. ಆ ಅಕ್ಷರ ಈಗಲೂ ಕಣ್ಣಿಗೆ ಕಟ್ಟುತ್ತದೆ. ಜಾತ್ರೆ ಮುಗಿದ ಮೇಲೆ ಮನೆ ಹುಡುಕಿಕೊಂಡು ಹೋದೆ. ಅವರು ಒಳಗಿಂದ ಪೇಪರಿನಲ್ಲಿ ಸುತ್ತಿದ ಒಂದು ಗಂಟು ತಂದರು. ಒಂದು ರವಿಕೆಯ ತೋಳು ಕತ್ತರಿಸುವಾಗ ತಪ್ಪಾಗಿತ್ತು. ಅದೇ ಬಣ್ಣದ ಬಟ್ಟೆ ಹುಡುಕಿ ಪೇಟೆಯೆಲ್ಲ ತಿರುಗಿದ್ದರಂತೆ, ಸಿಕ್ಕಿರಲಿಲ್ಲ. "ಅಕ್ಕೋರೇ, ಖಾಲಿ ಕೈಯಲ್ಲಿ ನಿಮ್ಮ ಹತ್ರ ಹೇಗೆ ಬರ್ಲಿ?" ಅಂದರು. ಆ ಮೂರು ವಾರದಲ್ಲಿ ಮೈದುನರು ಅವರ ಹೊಲಿಗೆ ಮಷಿನನ್ನು ಜಗುಲಿಗೆ ಎತ್ತಿ ಹಾಕಿದ್ದರು. ಹೇಳಿಕೊಳ್ಳಲು ಇದ್ದದ್ದು ನಾನೊಬ್ಬಳು. ನನ್ನ ಹತ್ತಿರ ಬರುವ ದಾರಿಗೆ ನನ್ನದೇ ರವಿಕೆ ಅಡ್ಡ ಬಿದ್ದಿತ್ತು.

ಇದರಲ್ಲಿ ನಾನು ಲಂಚ ತಿನ್ನಲಿಲ್ಲ, ದುಡ್ಡು ಉಳಿಸಲಿಲ್ಲ, ಕೆಟ್ಟ ಮನಸ್ಸೂ ಇರಲಿಲ್ಲ. ಆದರೆ ಒಂದು ವಿಷಯ ಮರೆತಿದ್ದೆ. ಅವರು ಬೇರೆ ಗಿರಾಕಿಗೆ ಹೇಳುವ ಹಾಗೆ ನನಗೆ "ತಪ್ಪಾಯ್ತು, ದುಡ್ಡು ವಾಪಸ್ ತಗೊಳ್ಳಿ" ಅಂತ ಹೇಳಲಾರರು. ನಾನೂ ಬೇರೆ ದರ್ಜಿಗೆ ಕೇಳುವ ಹಾಗೆ "ಏನಾಯ್ತು ನನ್ನ ರವಿಕೆ?" ಅಂತ ಕೇಳಲಾರೆ. ಎರಡನೇ ನಂಟು ಬಂದ ಕೂಡಲೇ ಇಬ್ಬರ ಬಾಯಿಗೂ ಬೀಗ ಬಿತ್ತು. ಸಮಾಲೋಚನೆಯಲ್ಲಿ ಬೀಗ ಬಿದ್ದರೆ ಇನ್ನೇನು ಉಳಿಯುತ್ತದೆ?

ಈಗ ಸ್ನೇಹದ ಮಾತು. ನಿಮ್ಮ ತರಬೇತುದಾರರ ಮಾತಿನಲ್ಲಿ "ಇವತ್ತೇ ನಿಲ್ಲಿಸಿ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಎಂಟು ತಿಂಗಳು ನಕ್ಕು ಮಾತಾಡಿದವರು ನಾಳೆಯಿಂದ ಮುಖ ತಿರುಗಿಸಿದರೆ, ಹೊಡೆತ ತಿಂದ ಹೆಂಗಸಿಗೆ ಅದು ಇನ್ನೊಂದು ಹೊಡೆತ. ಸಮಾಜಕಾರ್ಯದ ಪಾಠದಲ್ಲಿ ಫೆಲಿಕ್ಸ್ ಬೀಸ್ಟೆಕ್ ಅವರ ಏಳು ತತ್ವ ಓದಿರುತ್ತೀರಿ, ಪರೀಕ್ಷೆಗೆ ಉರು ಹೊಡೆದೂ ಇರುತ್ತೀರಿ. ಅದರಲ್ಲೊಂದು, ಭಾವನೆ ಇರಲಿ, ಹಿಡಿತದಲ್ಲಿರಲಿ ಅನ್ನುವುದು. ಭಾವನೆಯೇ ಬೇಡ ಅಂತ ಅವರು ಹೇಳಲಿಲ್ಲ.

ಆದರೆ ನೀವಿಬ್ಬರೂ ಗೆಳತಿಯರು ಅನ್ನುವುದನ್ನೂ ನಾನು ಪೂರ್ತಿ ಒಪ್ಪಲಾರೆ. ಅವರ ಬೆನ್ನಿನ ಬಾಸುಂಡೆ ನಿಮಗೆ ಗೊತ್ತು. ಅವರ ಗಂಡ ಕುಡಿದು ಏನಂದ ಅಂತ ಗೊತ್ತು. ತವರಿಗೆ ಯಾಕೆ ಹೋಗಲಾರರು ಅಂತಲೂ ಗೊತ್ತು. ನಿಮ್ಮದು ಅವರಿಗೆ ಏನು ಗೊತ್ತು? ಏನೂ ಗೊತ್ತಿಲ್ಲದಿದ್ದರೆ ಅದು ಒಂದೇ ಕಡೆ ತೂಗುವ ತಕ್ಕಡಿ. ಎಲ್ಲ ಗೊತ್ತಿದ್ದರೆ ಇನ್ನೂ ಕಷ್ಟ. ರಾತ್ರಿ ಹನ್ನೊಂದಕ್ಕೆ ಅವರು ನಿಮ್ಮನ್ನು ಸಮಾಧಾನ ಮಾಡುತ್ತಿದ್ದಾರೆ ಅಂತಾಯಿತು. ಕೊನೆಯ ಹತ್ತು ಮೆಸೇಜು ತೆಗೆದು ನೋಡಿ, ಯಾರು ಯಾರ ಕಷ್ಟ ಕೇಳುತ್ತಿದ್ದಾರೆ ಅಂತ.

ನಿಮ್ಮ ಓರಗೆಯವರೆಲ್ಲ ಬೆಂಗಳೂರು, ಹುಬ್ಬಳ್ಳಿ, ಗೋವಾ ಅಂತ ಹೋಗಿರುತ್ತಾರೆ, ನೀವು ಊರಲ್ಲಿ ಉಳಿದಿರಿ. ಆ ಒಂಟಿತನ ಸಣ್ಣದಲ್ಲ, ನಾಚಿಕೆ ಪಡುವಂಥದ್ದೂ ಅಲ್ಲ. ಆದರೆ ಅದನ್ನು ತುಂಬಿಕೊಳ್ಳಲು ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ. ಕುಮಟೆಯಲ್ಲೋ ಕಾರವಾರದಲ್ಲೋ ಇದೇ ಕೆಲಸ ಮಾಡುವ ಒಬ್ಬಿಬ್ಬರು ಸಿಕ್ಕೇ ಸಿಗುತ್ತಾರೆ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ, ಚಹಾ ಕುಡಿದು, ಹೆಸರು ಹೇಳದೆ ಕಷ್ಟ ಹೇಳಿಕೊಂಡು ಬನ್ನಿ. ನೀವು ಗೆಳತಿಯಾದರೆ ಆ ಹೆಂಗಸಿಗೆ ಒಬ್ಬ ಗೆಳತಿ ಸಿಕ್ಕಳು ನಿಜ. ಊರಿನಲ್ಲಿ ಅವರಿಗಿದ್ದ ಒಬ್ಬಳೇ ಸಮಾಲೋಚಕಿ ಕೈಬಿಟ್ಟು ಹೋದಳು. ಕೇಸು ಮುಗಿದ ಮೇಲೆ ಆಗಬಹುದಾ ಅಂತ ಕೇಳುತ್ತೀರಿ. ಇಂಥ ಮನೆಗಳಲ್ಲಿ ಮುಗಿಯಿತು ಅಂದುಕೊಂಡದ್ದು ಮತ್ತೆ ಶುರುವಾಗುತ್ತದೆ. ಅವರು ವಾಪಸ್ ಬರುವ ಬಾಗಿಲು ತೆರೆದಿರಲಿ.

ವಾಟ್ಸಾಪ್ ವಿಷಯದಲ್ಲಿ ವೃತ್ತಿಯ ಗೆರೆಗಿಂತ ಮೊದಲು ಸುರಕ್ಷೆ. ಆ ಫೋನು ಗಂಡನ ಕೈಗೆ ಸಿಗುತ್ತದಾ? ಸಿಗುತ್ತದೆ ಅಂದರೆ ಅದರಲ್ಲಿರುವ ನಿಮ್ಮ ಒಂದೊಂದು ಮಾತೂ ಅಪಾಯ. ಸಂಜೆ ಆರರ ನಂತರ ನೀವು ನೋಡುವುದಿಲ್ಲ, ತುರ್ತು ಇದ್ದರೆ 112 ಅಥವಾ ಮಹಿಳಾ ಸಹಾಯವಾಣಿ 181 ಅಂತ ಬಾಯಲ್ಲೇ ಹೇಳಿ. ಬರೆದು ಕಳಿಸಬೇಡಿ.

ಪೇಟೆಯಲ್ಲಿ ಸಿಕ್ಕಾಗ ಮಾತಾಡಿಸಬೇಕಾ ಬೇಡವಾ ಅನ್ನುವುದು ನೀವು ಕೇಳದ ಪ್ರಶ್ನೆ, ಆದರೆ ಬಂದೇ ಬರುತ್ತದೆ. ಕ್ಲೈಂಟ್ ತಾನಾಗಿ ಮಾತಾಡಿಸುವ ತನಕ ಗುರುತಿಲ್ಲದವರ ಹಾಗೆ ಇರಿ ಅಂತ ಕೆಲವರು ಕಲಿಸುತ್ತಾರೆ. ದೊಡ್ಡ ಶಹರದಲ್ಲಿ ಸರಿ. ನಿಮ್ಮ ಮೀನುಪೇಟೆಯಲ್ಲಿ ಗುರುತಿದ್ದೂ ಮಾತಾಡಿಸದೆ ಹೋದರೆ ಸಂಜೆಯೊಳಗೆ "ಇಬ್ಬರಿಗೂ ಏನೋ ಆಗಿದೆ" ಅಂತ ಸುದ್ದಿ. ಅವರನ್ನೇ ಕೇಳಿ, ಯಾರಾದರೂ ಕೇಳಿದರೆ ನಮ್ಮಿಬ್ಬರ ಪರಿಚಯ ಹೇಗೆ ಅನ್ನೋಣ ಅಂತ. ಅವರು ಹೇಳಿದ್ದೇ ಇಬ್ಬರ ಉತ್ತರವೂ ಆಗಲಿ.

ಕೊನೆಗೆ ಮಾವ. ಇವತ್ತಲ್ಲ ನಾಳೆ ಅವರು ಊಟಕ್ಕೆ ಕೂತಾಗ ಕೇಳುತ್ತಾರೆ: "ಏನೇ ತಂಗಿ, ನಮ್ಮ ಬೋಟಿನವನ ಹೆಂಡ್ತಿ ನಿಮ್ಮ ಆಫೀಸಿಗೆ ಬರ್ತಾಳಂತೆ?" ಹೌದು ಅನ್ನಬೇಡಿ. ಇಲ್ಲ ಅಂತಲೂ ಅನ್ನಬೇಡಿ. ಇಲ್ಲ ಅಂದರೆ, ಮುಂದಿನ ಸಲ ಇನ್ಯಾರದೋ ಹೆಸರಿಗೆ ನೀವು ಸುಮ್ಮನಿದ್ದಾಗ ಅದೇ ಉತ್ತರವಾಗಿಬಿಡುತ್ತದೆ. "ಮಾವ, ಆಫೀಸಿಗೆ ಯಾರು ಬರ್ತಾರೆ ಯಾರು ಬರಲ್ಲ ಅಂತ ನಾನು ಮನೆಯಲ್ಲಿ ಹೇಳೋದಿಲ್ಲ" ಅನ್ನಿ. ಕನ್ನಡಿ ಮುಂದೆ ನಿಂತು ಎರಡು ಸಲ ಹೇಳಿ ರೂಢಿ ಮಾಡಿಕೊಳ್ಳಿ, ಮುಖ ಕೆಂಪಾಗಬಾರದು. ಎಲ್ಲರ ಹೆಸರಿಗೂ ಇದೇ ವಾಕ್ಯ. ಅಮ್ಮ ಕೇಳಿದರೂ ಇದೇ. ಮಾವ ಎರಡನೇ ಸಲ ಕೇಳಿದರೆ, ಅವರು ಕೇಳಿದರು ಅಂತ ದಿನಾಂಕ ಹಾಕಿ ಫೈಲಿನಲ್ಲಿ ಬರೆಯಿರಿ, ಆ ಹೆಂಗಸಿಗೂ ಹೇಳಿ.